ಕಛೇರಿಯ ಹೊಸ್ತಿಲಲ್ಲಿರುವ ಯುವ ಸಂಗೀತಗಾರರಿಗೆ ನೆರವಾಗುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾವು ಕೆಲವು ಕೇಳುಗರು ಸೇರಿ, ಯಾರದಾದರೂ ಮನೆಯ ಹಜಾರದಲ್ಲಿ, ಒಮ್ಮೊಮ್ಮೆ ದೇವಸ್ಥಾನದ ಪ್ರಾಂಗಣದಲ್ಲಿ, ಯುವ ಗಾಯಕರ ಮತ್ತು ವಾದಕರ ಕಾರ್ಯಕ್ರಮಗಳನ್ನು ಏರ್ಪಡಿಸುತ್ತ ಬಂದಿದ್ದೇವೆ. ಇದನ್ನು ನೋಡಿ ಹರಿಹರ, ಚನ್ನಗಿರಿ, ಚಿತ್ರದುರ್ಗ, ಹೊಸದುರ್ಗದ ಕಡೆಯ ಆಸಕ್ತರು, ಮಕ್ಕಳ ತಂದೆತಾಯಿಯರು ಮತ್ತು ಸಂಗೀತ ಶಿಕ್ಷಕರು ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಎಲ್ಲ ಉತ್ತರಗಳೂ ಒಂದೇ ಅಳತೆಯಲ್ಲಿಲ್ಲ. ಹಣ ಮತ್ತು ಪಕ್ಕವಾದ್ಯದ ವಿಷಯದಲ್ಲಿ ನಾವು ಹೆಚ್ಚು ಎಡವಿರುವುದರಿಂದ ಅಲ್ಲಿ ಮಾತು ಬೆಳೆದಿದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಹಾಡುವ ಮಕ್ಕಳಿಗೆ ವೇದಿಕೆಗಳಿಗೇನೂ ಕೊರತೆ ಇಲ್ಲವಲ್ಲ. ಮತ್ತೇಕೆ ಪ್ರತ್ಯೇಕ ನೆರವು?

ವೇದಿಕೆ ಇದೆ, ಸಮಯ ಇಲ್ಲ. ಎಂಟು ಹತ್ತು ವರ್ಷ ಕಲಿತ ಹುಡುಗಿಯೊಬ್ಬಳನ್ನು ನಮ್ಮ ಜಿಲ್ಲೆಗಳಲ್ಲಿ ಕರೆಯುವುದು ಬಹುಪಾಲು ಪ್ರಾರ್ಥನೆಗೆ. ಉದ್ಘಾಟನೆಯ ಮುಂಚೆ ಮೂರು ನಿಮಿಷ ಪ್ರಾರ್ಥನೆ, ನಂತರ ನಾಡಗೀತೆ, ಮುಖ್ಯ ಅತಿಥಿಗಳು ಬರುವುದು ತಡವಾದರೆ ಅವರ ಕಾರು ಬರುವವರೆಗೆ ಇನ್ನೊಂದು ಹಾಡು. ಹಾಡು ಅರ್ಧಕ್ಕೆ ಬಂದಾಗ ನಿರೂಪಕರು ಕೈಸನ್ನೆ ಮಾಡಿ ನಿಲ್ಲಿಸುವುದನ್ನು ನೀವೂ ನೋಡಿರುತ್ತೀರಿ. ಹೀಗೆ ವರ್ಷಕ್ಕೆ ನಲವತ್ತು ವೇದಿಕೆ ಹತ್ತಿದರೂ ಒಂದು ರಾಗವನ್ನು ಮುಕ್ಕಾಲು ಗಂಟೆ ಹಿಡಿದು ನಿಲ್ಲುವ ಅಭ್ಯಾಸ ಬರುವುದಿಲ್ಲ. ಆಲಾಪದಲ್ಲಿ ಎಲ್ಲಿ ತಡೆಯಬೇಕು, ಗಂಟಲು ದಣಿದಾಗ ಹೇಗೆ ಸುಧಾರಿಸಿಕೊಳ್ಳಬೇಕು, ತಬಲಾದವರು ಲಯ ಏರಿಸಿದರೆ ಹೇಗೆ ಹಿಂದಕ್ಕೆಳೆಯಬೇಕು ಎಂಬುದನ್ನು ಗುರುವಿನ ಮನೆಯಲ್ಲಿ ಹೇಳಿಕೊಡಬಹುದು. ಆದರೆ ಅದು ಮೈಗೂಡುವುದು ಕೇಳುಗರ ಎದುರಿಗೇ. ಆದ್ದರಿಂದ ನಾವು ನೆರವು ಎಂದು ಕರೆಯುವುದು ಮುಖ್ಯವಾಗಿ ಒಂದನ್ನು: ಒಬ್ಬ ಯುವ ಕಲಾವಿದರಿಗೆ ಕನಿಷ್ಠ ತೊಂಬತ್ತು ನಿಮಿಷ, ಒಳ್ಳೆಯ ಪಕ್ಕವಾದ್ಯದೊಂದಿಗೆ, ಸಂಭಾವನೆ ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒದಗಿಸುವುದು.

ಪ್ರಶ್ನೆ: ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದವರನ್ನು ಕಛೇರಿಗೆ ಸಿದ್ಧರಾದವರೆಂದು ತಿಳಿಯಬಹುದೇ?

ಪರೀಕ್ಷೆಯ ದರ್ಜೆಯನ್ನು ನೋಡಿ ತೀರ್ಮಾನಿಸುವುದು ಬೇಡ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ಅಖಿಲ ಭಾರತೀಯ ಗಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದವಾಗಲಿ ಪಾಠ ಎಲ್ಲಿಯವರೆಗೆ ಆಗಿದೆ ಎಂಬುದನ್ನು ತಿಳಿಸುತ್ತವೆ, ಅಷ್ಟೇ. ಎರಡು ರಾಗಗಳನ್ನು ಯಾವ ಬರಹವನ್ನೂ ನೋಡದೆ ವಿಸ್ತರಿಸಬಲ್ಲರೇ ಎಂದು ಗುರುಗಳನ್ನು ಕೇಳುವುದು, ಸಾಧ್ಯವಾದರೆ ಅವರ ಮನೆಯಲ್ಲಿಯೇ ಅರ್ಧ ಗಂಟೆ ಕುಳಿತು ಕೇಳುವುದು ಹೆಚ್ಚು ಉಪಯುಕ್ತ. ಗುರುಗಳಿಗೆ ತಿಳಿಸದೆ ಶಿಷ್ಯರನ್ನು ನೇರವಾಗಿ ಆಹ್ವಾನಿಸುವುದಂತೂ ಕೂಡದು. ಅವರು ‘ಇನ್ನೊಂದು ವರ್ಷ ಹೋಗಲಿ’ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು. ಹತ್ತು ವರ್ಷಗಳಿಂದ ‘ಇನ್ನೊಂದು ವರ್ಷ’ ಎನ್ನುತ್ತಲೇ ಇರುವ ಗುರುಗಳೂ ಉಂಟು. ಅಲ್ಲಿ ಹಿರಿಯ ಕೇಳುಗರೊಬ್ಬರು ಮೆಲ್ಲಗೆ ಮಾತು ತೆಗೆಯುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ಹಿಂದೂಸ್ತಾನಿಯೋ, ಕರ್ನಾಟಕ ಸಂಗೀತವೋ? ನಮ್ಮ ಭಾಗದಲ್ಲಿ ಯಾವುದಕ್ಕೆ ಕೇಳುಗರಿದ್ದಾರೆ?

ಎರಡಕ್ಕೂ ಇದ್ದಾರೆ. ನಾವು ನಡುನಾಡಿನವರು. ಹುಬ್ಬಳ್ಳಿ ಧಾರವಾಡದ ಗಾಳಿಯೂ ಬೀಸುತ್ತದೆ, ಹಳೇ ಮೈಸೂರಿನ ಕಛೇರಿಯ ರೂಢಿಯೂ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಎರಡೂ ಪದ್ಧತಿಗಳನ್ನು ಬಲ್ಲವರಾಗಿದ್ದುದರಿಂದ, ಅವರ ಶಿಷ್ಯಪರಂಪರೆ ಹರಡಿರುವ ನಮ್ಮ ಊರುಗಳಲ್ಲಿ ಈ ಭೇದ ಅಷ್ಟು ಗಟ್ಟಿಯಾಗಿಲ್ಲ. ಕಂಪನಿ ನಾಟಕಗಳ ರಂಗಗೀತೆ ಕೇಳಿ ಬೆಳೆದ ಹಿರಿಯರು ರಾಗದ ಹೆಸರು ಹೇಳಲಾರದಿದ್ದರೂ ಅಪಸ್ವರ ಬಂದರೆ ಕೂಡಲೇ ಹುಬ್ಬು ಗಂಟಿಕ್ಕುತ್ತಾರೆ. ಯುವ ಕಲಾವಿದರಿಗೆ ಇಂಥ ಶ್ರೋತೃಗಳು ಬಹಳ ಒಳ್ಳೆಯವರು.

ಪ್ರಶ್ನೆ: ಮೊದಲ ಪೂರ್ಣ ಕಾರ್ಯಕ್ರಮವನ್ನು ಎಲ್ಲಿ ಇಡಬೇಕು? ರಂಗಮಂದಿರ ಸಿಗುತ್ತದೆ, ತೆಗೆದುಕೊಳ್ಳಬಹುದೇ?

ದಾವಣಗೆರೆಯ ಕುವೆಂಪು ಕನ್ನಡ ಭವನ, ಚಿತ್ರದುರ್ಗದ ತ.ರಾ.ಸು. ರಂಗಮಂದಿರದಂಥ ಸಭಾಂಗಣಗಳು ನಮಗಿರುವುದು ಸಂತೋಷದ ವಿಷಯವೇ. ಆದರೆ ನೂರಾರು ಕುರ್ಚಿಗಳ ಸಭಾಂಗಣದಲ್ಲಿ ನಲವತ್ತು ಜನ ಅಲ್ಲಲ್ಲಿ ಚದುರಿ ಕುಳಿತರೆ, ಮೊದಲ ಸಲ ಹಾಡುವವರಿಗೆ ಕಾಣುವುದು ಖಾಲಿ ಕುರ್ಚಿಗಳೇ. ಅದೇ ನಲವತ್ತು ಜನ ಮನೆಯ ಹಜಾರದಲ್ಲಿ ಜಮಖಾನೆಯ ಮೇಲೆ ಕುಳಿತರೆ ಮನೆ ತುಂಬಿ ಹೋಗುತ್ತದೆ, ಕಲಾವಿದರಿಗೆ ಒಬ್ಬೊಬ್ಬರ ಮುಖವೂ ಕಾಣುತ್ತದೆ, ಧ್ವನಿವರ್ಧಕವೇ ಬೇಕಾಗುವುದಿಲ್ಲ. ಮೊದಲ ಎರಡು ಮೂರು ಕಾರ್ಯಕ್ರಮಗಳು ಬೈಠಕ್ ರೂಪದಲ್ಲಿ ಆಗಲಿ ಎಂಬುದು ನಮ್ಮ ಅಭಿಪ್ರಾಯ.

ಧ್ವನಿವರ್ಧಕ ಬೇಕೇ ಬೇಕು ಎಂದಾದರೆ ಎರಡು ವಿಷಯ. ಬಯಲಿನಲ್ಲಿ ಅಥವಾ ದೇವಸ್ಥಾನದ ತೆರೆದ ಪ್ರಾಂಗಣದಲ್ಲಿ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು, ಮತ್ತು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ಬಳಸುವಂತಿಲ್ಲ. ಸಭೆಯ ಭಾಷಣಗಳು ಮುಗಿದು ಒಂಬತ್ತೂಕಾಲಿಗೆ ಸಂಗೀತ ಆರಂಭಿಸಿದರೆ ಉಳಿಯುವುದು ಮುಕ್ಕಾಲು ಗಂಟೆ ಮಾತ್ರ. ಎರಡನೆಯದಾಗಿ, ಮೈಕಿನವರು ಭಾಷಣಕ್ಕೂ ವಾದ್ಯಗೋಷ್ಠಿಗೂ ಒಗ್ಗಿದವರು; ಪ್ರತಿಧ್ವನಿ ಬೇಡ, ತಂಬೂರಿಯ ನಾದ ಹಾಡುವವರ ಕಿವಿಗೆ ಬೀಳಬೇಕು ಎಂದು ಅವರಿಗೆ ಮೊದಲೇ ತಿಳಿಸಿ, ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಕಲಾವಿದರನ್ನು ಕೂರಿಸಿ ಪರೀಕ್ಷಿಸಬೇಕು.

ಪ್ರಶ್ನೆ: ಪಕ್ಕವಾದ್ಯದವರನ್ನು ಯಾರು ಗೊತ್ತುಮಾಡಬೇಕು, ನಾವೋ ಕಲಾವಿದರೋ?

ಖರ್ಚು ಸಂಘಟಕರದು, ಆಯ್ಕೆ ಇಬ್ಬರೂ ಸೇರಿ. ಒಟ್ಟು ಹಣವನ್ನು ಹಾಡುವವರ ಕೈಗಿಟ್ಟು ‘ನೀವೇ ಯಾರನ್ನಾದರೂ ಕರೆದುಕೊಂಡು ಬನ್ನಿ’ ಎಂದರೆ, ಇಪ್ಪತ್ತರ ಹರೆಯದವರು ಸಂಕೋಚದಿಂದ ತಮ್ಮ ಪಾಲನ್ನು ಪಕ್ಕವಾದ್ಯದವರಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಇದು ನಾವು ಊಹಿಸಿ ಹೇಳುತ್ತಿರುವ ಮಾತಲ್ಲ. ಆದ್ದರಿಂದ ಪಕ್ಕವಾದ್ಯದವರ ಸಂಭಾವನೆಯನ್ನು ಪ್ರತ್ಯೇಕವಾಗಿ, ಬೇರೆ ಲಕೋಟೆಯಲ್ಲಿ ಅಥವಾ ಅವರವರ ಖಾತೆಗೇ ನೇರವಾಗಿ ಕೊಡಬೇಕು.

ಹೊಸಬರಿಗೆ ಹೊಸಬರನ್ನೇ ಜೊತೆಮಾಡುವುದು ಅಗ್ಗವೇನೋ ಹೌದು, ಆದರೆ ನಾವು ಒಪ್ಪುವುದಿಲ್ಲ. ಹಾಡುವವರು ಕಿರಿಯರಾದಷ್ಟೂ ತಬಲಾ, ಹಾರ್ಮೋನಿಯಂ, ಪಿಟೀಲು ಅಥವಾ ಮೃದಂಗದವರು ಅನುಭವಸ್ಥರಾಗಿರಬೇಕು. ಹಿರಿಯ ತಬಲಾವಾದಕರು ವಿಲಂಬಿತ ಏಕತಾಳದ ಹನ್ನೆರಡು ಮಾತ್ರೆಗಳನ್ನು ಅಲುಗಾಡದಂತೆ ಹಿಡಿದು ಕುಳಿತರೆ, ಹಾಡುವವರು ಸಮ್, ಎಂದರೆ ತಾಳದ ಮೊದಲ ಮಾತ್ರೆ, ತಪ್ಪಿದರೂ ಮುಂದಿನ ಆವರ್ತನದಲ್ಲಿ ದಾರಿ ಸಿಗುತ್ತದೆ. ತಮ್ಮ ಚಾತುರ್ಯ ತೋರಿಸಲೆಂದೇ ಕಿರಿಯರ ಜೊತೆ ಕೂರುವವರನ್ನು ಮಾತ್ರ ಎರಡನೇ ಸಲ ಕರೆಯಬೇಡಿ.

ಶ್ರುತಿಯ ವಿಷಯವನ್ನು ಮರೆಯುವಂತಿಲ್ಲ. ನಮ್ಮ ಮೊದಮೊದಲ ಕಾರ್ಯಕ್ರಮವೊಂದರಲ್ಲಿ ಹಾಡುವ ಹುಡುಗಿಯ ಶ್ರುತಿ ಕರಿ ಐದು, ಎಂದರೆ ಹಾರ್ಮೋನಿಯಂನ ಐದನೆಯ ಕರಿ ಮನೆ. ನಾವು ಅದನ್ನು ತಬಲಾದವರಿಗೆ ತಿಳಿಸಿರಲಿಲ್ಲ; ಅವರು ಗಂಡಸರಿಗೆ ನುಡಿಸುವ ಕರಿ ಒಂದರ ತಬಲಾ ತಂದಿದ್ದರು. ಅರ್ಧ ಗಂಟೆ ಸುತ್ತಿಗೆ ಹಿಡಿದು ಅದನ್ನು ಕರಿ ಎರಡಕ್ಕೆ ಏರಿಸಿದರು. ಅದು ಆಕೆಗೆ ಶುದ್ಧ ಮಧ್ಯಮವಾಯಿತು. ಆಕೆ ಸಿದ್ಧಪಡಿಸಿಕೊಂಡು ಬಂದದ್ದು ಯಮನ್ ರಾಗ. ಅದರಲ್ಲಿರುವುದು ತೀವ್ರ ಮಧ್ಯಮ. ಪ್ರತಿ ಪೆಟ್ಟಿಗೂ ರಾಗದಲ್ಲಿಲ್ಲದ ಸ್ವರ ಕೇಳಿಸುವಂತಾದಾಗ ಬೇರೆ ದಾರಿಯಿಲ್ಲದೆ ಆಕೆ ದೀಪ ಹಚ್ಚಿದ ಮೇಲೆ, ಶುದ್ಧ ಮಧ್ಯಮವಿರುವ ಮಧ್ಯಾಹ್ನದ ರಾಗ ಭೀಮ್‌ಪಲಾಸ್ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡು ‘ಮಧ್ಯಾಹ್ನದ ಊಟ ಬಡಿಸ್ತೀರೇನ್ರಿ?’ ಎಂದು ಕೇಳಿದ್ದು ನಮಗೆ ಇಂದಿಗೂ ನೆನಪಿದೆ. ಕರ್ನಾಟಕ ಸಂಗೀತದಲ್ಲಿಯೂ ಇದೇ ಮಾತು: ಹಾಡುವವರ ಶ್ರುತಿ ಒಂದು ಮನೆಯೋ ಐದೂವರೆ ಮನೆಯೋ ಎಂದು ಮೃದಂಗದವರಿಗೆ ವಾರದ ಮುಂಚೆಯೇ ತಿಳಿಸಬೇಕು, ಏಕೆಂದರೆ ಎರಡಕ್ಕೂ ಬೇಕಾಗುವ ಮೃದಂಗವೇ ಬೇರೆ.

ಪ್ರಯಾಣದ ಬಗ್ಗೆ ಒಂದು ಸೂಚನೆ. ಹುಬ್ಬಳ್ಳಿ ಧಾರವಾಡದಿಂದ ಬರುವ ಪಕ್ಕವಾದ್ಯದವರಿಗೆ ಹರಿಹರ, ದಾವಣಗೆರೆ ಸುಲಭ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲೇ ಇವೆ. ಚಿತ್ರದುರ್ಗ ಆ ಮಾರ್ಗದಲ್ಲಿಲ್ಲ, ಚಿಕ್ಕಜಾಜೂರಿನಿಂದ ಬಳ್ಳಾರಿಯ ಕಡೆಗೆ ಕವಲೊಡೆದ ದಾರಿಯಲ್ಲಿದೆ. ಆದ್ದರಿಂದ ಚಿತ್ರದುರ್ಗದ ಸಂಘಟಕರು ಬಸ್ಸಿನ ಅಥವಾ ಕಾರಿನ ಖರ್ಚನ್ನೇ ಲೆಕ್ಕ ಹಿಡಿಯುವುದು ವಾಸಿ. ಎರಡೂ ಊರಿನವರು ಮಾತಾಡಿಕೊಂಡು ಶನಿವಾರ ದಾವಣಗೆರೆ, ಭಾನುವಾರ ಚಿತ್ರದುರ್ಗ ಎಂದು ಒಂದೇ ತಂಡಕ್ಕೆ ಎರಡು ಕಾರ್ಯಕ್ರಮ ಕೊಟ್ಟರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ, ಕಲಾವಿದರಿಗೂ ಮೊದಲ ದಿನ ತಪ್ಪಿದ್ದನ್ನು ಮರುದಿನವೇ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ.

ಪ್ರಶ್ನೆ: ಅವಕಾಶ ಕೊಟ್ಟಿರುವುದೇ ದೊಡ್ಡದಲ್ಲವೇ? ಸಂಭಾವನೆಯನ್ನೂ ಕೊಡಬೇಕೇ?

ಕೊಡಬೇಕು. ಪೆಂಡಾಲಿನವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ‘ನಿಮಗೆ ಅವಕಾಶ ಕೊಟ್ಟಿದ್ದೇವೆ’ ಎಂದು ಯಾರೂ ಹೇಳುವುದಿಲ್ಲ. ಹಾಡುವವರಿಗೆ ಮಾತ್ರ ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗಿನ ನೆನಪಿನ ಕಾಣಿಕೆ. ಇವುಗಳ ಬೆಲೆಯನ್ನು ಒಮ್ಮೆ ಕೂಡಿ ನೋಡಿದಾಗ, ಅದು ನಾವು ಕೊಡಬೇಕೆಂದು ಹಿಂದುಮುಂದು ನೋಡುತ್ತಿದ್ದ ಸಂಭಾವನೆಗಿಂತ ಹೆಚ್ಚಾಗಿತ್ತು. ಅಂದಿನಿಂದ ಒಂದು ಮೊಳ ಹೂವು, ಒಂದು ಲಕೋಟೆ, ಇಷ್ಟೇ.

ಎಷ್ಟು ಕೊಡಬೇಕು ಎಂಬುದು ನಿಮ್ಮ ಶಕ್ತಿಯನ್ನು ಅವಲಂಬಿಸಿದೆ, ಆದರೆ ಮೂರು ನಿಯಮಗಳನ್ನು ಬಿಡಬೇಡಿ. ಮೊತ್ತವನ್ನು ಆಹ್ವಾನಿಸುವಾಗಲೇ ಹೇಳಬೇಕು. ಪ್ರಯಾಣ, ವಸತಿ, ಊಟ ಅದರೊಳಗೆ ಸೇರಬಾರದು. ಕಾರ್ಯಕ್ರಮ ಮುಗಿದ ರಾತ್ರಿಯೇ ಕೈಗೆ ಸಿಗಬೇಕು. ನಲವತ್ತು ಕೇಳುಗರು ತಲಾ 300 ರೂಪಾಯಿ ಹಾಕಿದರೆ 12,000 ರೂಪಾಯಿ ಆಗುತ್ತದೆ. ಮನೆಯ ಬೈಠಕ್ಕಿಗೆ ಬಾಡಿಗೆಯೂ ಮೈಕೂ ಇಲ್ಲದಿರುವುದರಿಂದ ಅದೆಲ್ಲವೂ ಕಲಾವಿದರಿಗೇ ಹೋಗುತ್ತದೆ. ಬೆಣ್ಣೆದೋಸೆಗೆ ಕುಟುಂಬ ಸಮೇತ ಹೋದರೆ ಆಗುವ ಖರ್ಚಿಗಿಂತ ಇದೇನೂ ಹೆಚ್ಚಲ್ಲ ಎಂದು ನಮ್ಮ ಗೆಳೆಯರೊಬ್ಬರು ವಂತಿಗೆ ಎತ್ತುವಾಗ ಹೇಳುತ್ತಾರೆ, ಯಾರೂ ಎದುರಾಡಿದ್ದಿಲ್ಲ.

ತೆರಿಗೆಯ ಬಗ್ಗೆ ಕೇಳುವವರಿಗೆ: ಶಾಸ್ತ್ರೀಯ ಅಥವಾ ಜಾನಪದ ಸಂಗೀತದ ಕಲಾವಿದರು ಒಂದು ಕಾರ್ಯಕ್ರಮಕ್ಕೆ 1,50,000 ರೂಪಾಯಿಯವರೆಗೆ ಪಡೆಯುವ ಸಂಭಾವನೆಗೆ ಜಿಎಸ್‌ಟಿಯಿಂದ ವಿನಾಯಿತಿ ಇದೆ. ಯುವ ಕಲಾವಿದರಿಗೆ ಆ ಮಿತಿಯ ಚಿಂತೆ ಸದ್ಯಕ್ಕಿಲ್ಲ. ಸಂಸ್ಥೆಗಳು ಮೂಲದಲ್ಲಿಯೇ ಆದಾಯ ತೆರಿಗೆ ಕಡಿತ ಮಾಡಿದ್ದರೆ, ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದವರು ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು. ಇದನ್ನು ಹೇಳಿಕೊಡುವುದೂ ಒಂದು ನೆರವೇ.

ಪ್ರಶ್ನೆ: ಸರ್ಕಾರದಿಂದ ಮತ್ತು ಆಕಾಶವಾಣಿಯಿಂದ ಏನೇನು ಸಿಗುತ್ತದೆ?

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದೊಳಗಿನವರಿಗಾಗಿ ಇದೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ. ಇನ್ನೂ ಚಿಕ್ಕ ಮಕ್ಕಳಿಗೆ, ಎಂದರೆ 10ರಿಂದ 14 ವರ್ಷದವರಿಗೆ, ಸಾಂಸ್ಕೃತಿಕ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನ ಬೇರೆ ಇದೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿ 2006ರಿಂದ ಕೊಡುತ್ತಿರುವ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ನಲವತ್ತರೊಳಗಿನವರಿಗೆ ಸಲ್ಲುತ್ತದೆ, ಆದರೆ ಅದು ಹೆಸರು ಮಾಡಿದ ಮೇಲೆ ಬರುವ ಗೌರವ, ಆರಂಭದ ನೆರವಲ್ಲ. ನಮ್ಮ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಕ್ಕಳಿಗಾಗಿ ‘ಚಿಗುರು’, ಯುವಕರಿಗಾಗಿ ‘ಯುವ ಸೌರಭ’ ಕಾರ್ಯಕ್ರಮಗಳನ್ನು ಜಿಲ್ಲೆಗಳಲ್ಲಿ ನಡೆಸುತ್ತದೆ; ಜಿಲ್ಲಾ ಕಚೇರಿಗೆ ಹೋಗಿ ಅರ್ಜಿಯ ಸಮಯವನ್ನು ವಿಚಾರಿಸಿಕೊಳ್ಳಬೇಕು. ಅಲ್ಲಿ ಒಂದೇ ಸಂಜೆ ಹಲವು ತಂಡಗಳಿರುವುದರಿಂದ ಸಿಗುವ ಸಮಯ ಕಡಿಮೆ. ಆದರೂ ಪ್ರಮಾಣಪತ್ರ ಮುಂದಿನ ಅರ್ಜಿಗಳಿಗೆ ಆಧಾರವಾಗುತ್ತದೆ.

ಆಕಾಶವಾಣಿಯ ಧ್ವನಿಪರೀಕ್ಷೆಯನ್ನು ಮಾತ್ರ ಯಾರೂ ಉದಾಸೀನ ಮಾಡಬಾರದು. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳು ದೇಶದಾದ್ಯಂತ ಒಂದೇ ಆಗಿರುವುದರಿಂದ, ನಮ್ಮ ಊರಿನ ಹುಡುಗನ ಹೆಸರನ್ನೇ ಕೇಳಿರದ ಪರಸ್ಥಳದ ಸಂಘಟಕರೂ ಶ್ರೇಣಿಯನ್ನು ನೋಡಿ ವಿಚಾರಿಸುತ್ತಾರೆ. 16ರಿಂದ 24 ವರ್ಷದವರಿಗಾಗಿ ಆಕಾಶವಾಣಿ ಸಂಗೀತ ಸ್ಪರ್ಧೆಯನ್ನೂ ನಡೆಸುತ್ತ ಬಂದಿದೆ. ಅರ್ಜಿ ತುಂಬುವುದು, ಧ್ವನಿಮುದ್ರಣಕ್ಕೆ ಒಳ್ಳೆಯ ತಬಲಾದವರನ್ನು ಒದಗಿಸುವುದು, ಪರೀಕ್ಷೆಯ ದಿನ ಜೊತೆಗೆ ಹೋಗುವುದು, ಇಷ್ಟನ್ನು ಕೇಳುಗರ ಬಳಗವೊಂದು ಮಾಡಿದರೆ ಸಾಕು.

ಪ್ರಶ್ನೆ: ‘ರಾಗ ಸಾಕು, ವಚನ ಹಾಡಿ’ ಎಂದು ಸಭಿಕರು ಚೀಟಿ ಕಳಿಸಿದರೆ?

ಸಿರಿಗೆರೆಯ ತರಳಬಾಳು ಹುಣ್ಣಿಮೆ, ಸಾಣೇಹಳ್ಳಿಯ ನಾಟಕೋತ್ಸವಗಳ ನೆಲದಲ್ಲಿ ವಚನ ಹಾಡಬೇಡಿ ಎನ್ನುವುದು ಸಾಧ್ಯವೂ ಇಲ್ಲ, ಸಾಧುವೂ ಅಲ್ಲ. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಾಡಿದರು. ಖ್ಯಾಲ್‌ನ ಶಿಸ್ತು ಅದರಿಂದ ಸಡಿಲವಾಗಲಿಲ್ಲ. ಸಂಘಟಕರು ಆರಂಭದಲ್ಲಿಯೇ ‘ಮೊದಲು ರಾಗ, ಕೊನೆಯ ಇಪ್ಪತ್ತು ನಿಮಿಷ ವಚನ ಮತ್ತು ದಾಸರ ಪದ’ ಎಂದು ಪ್ರಕಟಿಸಿದರೆ ಚೀಟಿಗಳು ಬರುವುದಿಲ್ಲ. ಬಂದರೂ ಅವನ್ನು ವೇದಿಕೆಗೆ ಕಳಿಸದೆ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಬಹುದೇ?

ಕಲಾವಿದರ ಒಪ್ಪಿಗೆ ಇಲ್ಲದೆ ಹಾಕಬಾರದು. ಇದು ಸೌಜನ್ಯದ ಮಾತಷ್ಟೇ ಅಲ್ಲ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. ಅದು ಪಕ್ಕವಾದ್ಯದವರಿಗೂ ಅನ್ವಯಿಸುತ್ತದೆ. ಗಂಟಲು ಕೈಕೊಟ್ಟ ಒಂದು ಸಂಜೆಯ ಚಿತ್ರ ವರ್ಷಾನುಗಟ್ಟಲೆ ಕಲಾವಿದರನ್ನು ಬೆನ್ನಟ್ಟಬಾರದು. ನಾವು ಚಿತ್ರೀಕರಣವನ್ನು ಮೊದಲು ಅವರಿಗೇ ಕೊಡುತ್ತೇವೆ. ಅವರು ಗುರುಗಳಿಗೆ ಕೇಳಿಸಿ, ಹತ್ತು ಹದಿನೈದು ನಿಮಿಷದ ಒಂದು ಭಾಗವನ್ನು ಆರಿಸಿ ಕಳಿಸುತ್ತಾರೆ. ಇತರ ಊರಿನ ಸಂಘಟಕರು ಕೇಳಿದಾಗ ತೋರಿಸಲು ಆ ಭಾಗವೇ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮಗ ಸಂಗೀತವನ್ನೇ ನಂಬಿ ನೌಕರಿ ಬಿಡುತ್ತೇನೆ ಎನ್ನುತ್ತಿದ್ದಾನೆ. ಏನು ಹೇಳಬೇಕು?

ಬಿಡುವುದಕ್ಕೆ ಅವಸರ ಬೇಡ. ಭೀಮಸೇನ ಜೋಶಿಯವರು 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೋ ಕಲಾವಿದರಾಗಿ ದುಡಿದವರು. ಅವರಿಗೆ ದೊಡ್ಡ ಹೆಸರು ತಂದದ್ದು 1946ರಲ್ಲಿ ಪುಣೆಯಲ್ಲಿ ಗುರು ಸವಾಯಿ ಗಂಧರ್ವರ ಅರವತ್ತನೆಯ ವರ್ಷದ ಸಮಾರಂಭದಲ್ಲಿ ಹಾಡಿದ ಕಛೇರಿ. ಮನ್ಸೂರರು ಗ್ರಾಮೋಫೋನ್ ಕಂಪನಿಯಲ್ಲಿಯೂ ಧಾರವಾಡ ಆಕಾಶವಾಣಿಯಲ್ಲಿಯೂ ಕೆಲಸ ಮಾಡಿದರು. ಸಂಗೀತಕ್ಕೆ ಹತ್ತಿರವಿರುವ, ಬೆಳಗಿನ ಸಾಧನೆಗೆ ಸಮಯ ಉಳಿಸುವ ಉದ್ಯೋಗ ಸಿಕ್ಕರೆ ಅದು ಕಲಾವಿದನ ಸೋಲಲ್ಲ. ಶಾಲೆಯ ಸಂಗೀತ ಶಿಕ್ಷಕನ ಕೆಲಸ, ಮನೆಪಾಠ, ನಾಟಕಗಳಿಗೆ ಸಂಗೀತ ಇವೆಲ್ಲ ನಮ್ಮ ಭಾಗದಲ್ಲಿ ಇರುವ ದಾರಿಗಳು. ಸಂಜೆ ಐದರಿಂದ ಒಂಬತ್ತರವರೆಗೆ ಪಾಠ ಹೇಳಿ ಗಂಟಲು ಬಳಲಿಸಿಕೊಂಡು, ತನ್ನ ಸಾಧನೆಯನ್ನೇ ಬಿಟ್ಟ ಹಲವರನ್ನು ನಾವು ನೋಡಿದ್ದೇವೆ. ಆ ಒಂದು ಅಪಾಯದ ಬಗ್ಗೆ ಮಗನಿಗೆ ಹೇಳಿ.

ಪ್ರಶ್ನೆ: ಹೆಣ್ಣುಮಕ್ಕಳನ್ನು ಪರಸ್ಥಳಕ್ಕೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ.

ಹಿಂಜರಿಕೆಗೆ ಕಾರಣ ಸಾಮಾನ್ಯವಾಗಿ ರಾತ್ರಿಯ ಪ್ರಯಾಣ. ಅದನ್ನು ನಿವಾರಿಸುವುದು ಸಂಘಟಕರ ಹೊಣೆ. ಕಾರ್ಯಕ್ರಮವನ್ನು ಸಂಜೆ ಆರಕ್ಕೆ ಸರಿಯಾಗಿ ಆರಂಭಿಸಿ ಎಂಟಕ್ಕೆ ಮುಗಿಸುವುದು, ಜೊತೆಗೆ ಬರುವ ಒಬ್ಬರ ಪ್ರಯಾಣ ವೆಚ್ಚವನ್ನೂ ಭರಿಸುವುದು, ಉಳಿಯುವುದಾದರೆ ಹೆಣ್ಣುಮಕ್ಕಳಿರುವ ಮನೆಯಲ್ಲಿ ವ್ಯವಸ್ಥೆ ಮಾಡಿ ಮನೆಯವರಿಗೆ ಮೊದಲೇ ಫೋನಿನಲ್ಲಿ ಮಾತಾಡಿಸುವುದು, ಇಷ್ಟರಿಂದಲೇ ಅರ್ಧ ತೊಡಕು ಕಳೆಯುತ್ತದೆ. ಇಲ್ಲಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯಲ್ಲೇ ಕುಂದಗೋಳ ನಿಲ್ದಾಣ ಸಿಗುತ್ತದೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಬರುತ್ತಿದ್ದರು. ಅವರು ಹಾಗೆ ಓಡಾಡಿದ ಕಾಲದಲ್ಲಿ ಹೆಣ್ಣುಮಕ್ಕಳು ಸಭೆಯಲ್ಲಿ ಹಾಡುವುದನ್ನೇ ಜನ ಹಗುರವಾಗಿ ಕಾಣುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಗೆ ನೆನಪಿಸಿದರೆ ಕೆಲವೊಮ್ಮೆ ಮಾತು ಮುಂದುವರಿಯುತ್ತದೆ.

ಪ್ರಶ್ನೆ: ಕಾರ್ಯಕ್ರಮ ಚೆನ್ನಾಗಿ ಆಗದಿದ್ದರೆ ಹಾಗೆಂದು ಹೇಳಬೇಕೇ?

ಅಂದು ರಾತ್ರಿ ಬೇಡ. ಊಟ ಬಡಿಸಿ, ಸಂಭಾವನೆ ಕೊಟ್ಟು ಕಳಿಸಿ. ಮೂರು ನಾಲ್ಕು ದಿನ ಬಿಟ್ಟು, ಸಂಗೀತ ಬಲ್ಲ ಒಬ್ಬರೇ ಒಬ್ಬರು, ಗುರುಗಳ ಮೂಲಕ ಅಥವಾ ನೇರವಾಗಿ, ಕೇಳಿದ್ದನ್ನು ತಿಳಿಸಲಿ. ಐದಾರು ಜನ ವಾಟ್ಸ್ಆ್ಯಪ್ ಗುಂಪಿನಲ್ಲಿ ವಿಮರ್ಶೆ ಬರೆಯುವುದನ್ನು ನಾವು ನಿಲ್ಲಿಸಿದ್ದೇವೆ. ‘ಅದ್ಭುತ’ ಎಂದು ಬರೆಯುವುದನ್ನೂ ಸೇರಿಸಿಯೇ ನಿಲ್ಲಿಸಿದ್ದೇವೆ.

ಪ್ರಶ್ನೆ: ಒಮ್ಮೆ ಹಾಡಿಸಿದವರನ್ನು ಮತ್ತೆ ಕರೆಯಬೇಕೇ, ಅಥವಾ ಪ್ರತಿ ಸಲ ಹೊಸಬರಿಗೆ ಅವಕಾಶ ಕೊಡಬೇಕೇ?

ಮತ್ತೆ ಕರೆಯಬೇಕು. ವರ್ಷಕ್ಕೆ ಹನ್ನೆರಡು ಕಾರ್ಯಕ್ರಮ ಮಾಡಿ ಹನ್ನೆರಡು ಹೊಸ ಮುಖಗಳನ್ನು ತೋರಿಸುವುದಕ್ಕಿಂತ, ಆರು ಜನರನ್ನು ಎರಡೆರಡು ಸಲ ಹಾಡಿಸುವುದನ್ನು ನಾವು ಆರಿಸಿಕೊಂಡಿದ್ದೇವೆ. ಇದರಿಂದ ಅವಕಾಶ ತಪ್ಪಿದವರ ಅಸಮಾಧಾನವನ್ನೂ ಕೇಳಿದ್ದೇವೆ, ಅದರಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆವು. ಆದರೆ ಎರಡನೇ ಸಲ ಬಂದವರ ಹಾಡಿಕೆಯಲ್ಲಿ ಕಾಣುವ ವ್ಯತ್ಯಾಸ ನಮ್ಮನ್ನು ಇದಕ್ಕೇ ಕಟ್ಟಿಹಾಕಿದೆ. ಭೀಮ್‌ಪಲಾಸ್ ಹಾಡಬೇಕಾಗಿ ಬಂದ ಆ ಹುಡುಗಿಗೆ ಅಂದು ರಾತ್ರಿ ಊಟದ ಪಂಕ್ತಿಯಲ್ಲಿಯೇ ಮುಂದಿನ ದಿನಾಂಕ ಹೇಳಿದೆವು. ಏಳು ತಿಂಗಳ ನಂತರ, ಸರಿಯಾದ ತಬಲಾ ಇಟ್ಟುಕೊಂಡು, ಆಕೆ ಯಮನ್ ಒಂದನ್ನೇ ಐವತ್ತೈದು ನಿಮಿಷ ಹಾಡಿದಳು.